‘ಗಾಬರಿಯಾಗಬೇಡಿ’ ಎಂದರೆ ಸಾಕಾ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಪ್ರವಾಹ, ಬೆಂಕಿ, ಭೂಕಂಪ, ಅನಿಲ ಸೋರಿಕೆಯಂಥ ಹೊತ್ತಿನಲ್ಲಿ ಜನರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು? ನಾನು ವರ್ಷಗಟ್ಟಲೆ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುತ್ತಿದ್ದವಳು. ಪ್ರಕಟಣೆ ಬರೆಯುವ ಕೆಲಸ ಆಮೇಲೆ ಗಂಟುಬಿತ್ತು. ಜಾಗ ಇದ್ದಷ್ಟು ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಕಚೇರಿಯೊಂದರಲ್ಲಿ ಪ್ರಕಟಣೆ ಬರೆಯುವ ಗುಮಾಸ್ತ. ಹೋದ ಮಳೆಗಾಲದಲ್ಲಿ ಹೀಗೆ ಬರೆದಿದ್ದೆ: ‘ಜಲಾಶಯದ ಒಳಹರಿವು ಗಣನೀಯವಾಗಿ ಹೆಚ್ಚಿರುವ ಹಿನ್ನೆಲೆಯಲ್ಲಿ, ಯಾವುದೇ ಸಮಯದಲ್ಲಿ ನೀರನ್ನು ಹೊರಬಿಡುವ ಸಾಧ್ಯತೆ ಇರುವುದರಿಂದ, ನದಿ ಪಾತ್ರದ ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು.’ ಯಾರೂ ಕದಲಲಿಲ್ಲ. ತಪ್ಪೆಲ್ಲಿ?

ವ್ಯಾಕರಣದಲ್ಲಂತೂ ಇಲ್ಲ. ಮೇಲಧಿಕಾರಿ ಕಣ್ಣಾಡಿಸಿ ಸಹಿ ಹಾಕಲು ಹೇಳಿ ಮಾಡಿಸಿದಂತಿದೆ. ಆದರೆ ಹೊಳೆದಂಡೆಯ ಮನೆಯವರು ಅದನ್ನು ಓದಿ ಏನು ಮಾಡಬೇಕು? ‘ಸೂಕ್ತ ಮುನ್ನೆಚ್ಚರಿಕೆ’ ಅಂದರೆ ಹೊರಡುವುದಾ, ಸಾಮಾನು ಅಟ್ಟಕ್ಕೆ ಏರಿಸುವುದಾ, ಸುಮ್ನೆ ಕಿಟಕಿಯಿಂದ ನೀರು ನೋಡುತ್ತ ಕೂರುವುದಾ?

ಫೋನ್ ಮಾಡುವವರು ಒಳಹರಿವು ಎಷ್ಟು ಕ್ಯೂಸೆಕ್ಸ್ ಎಂದು ಕೇಳುತ್ತಿರಲಿಲ್ಲ. ‘ನಮ್ಮನೆ ತನಕ ಬರುತ್ತಾ? ಎಷ್ಟೊತ್ತಿಗೆ? ಈಗ ಎಲ್ಲಿಗೆ ಹೋಗ್ಬೇಕು?’ ಎಲ್ಲರದೂ ಹೆಚ್ಚುಕಮ್ಮಿ ಇಷ್ಟೇ. ನಿಮ್ಮ ಪ್ರಕಟಣೆಯಲ್ಲಿ ಈ ಮೂರಕ್ಕೂ ಉತ್ತರವಿಲ್ಲ. ಇದನ್ನೇ ನಾನಾದರೆ ಹೀಗೆ ಬರೆಯುತ್ತಿದ್ದೆ:

‘ಇದು ಅಣೆಕಟ್ಟೆ ಕಚೇರಿಯಿಂದ. ಇಂದು ರಾತ್ರಿ 9ಕ್ಕೆ ಗೇಟು ತೆರೆಯುತ್ತೇವೆ. ಹಳೆ ಸೇತುವೆಯಿಂದ ಕೆಳಗೆ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗುತ್ತದೆ. ಸಂಜೆ 7ರೊಳಗೆ ಮನೆ ಬಿಡಿ. ದಿಬ್ಬದ ಮೇಲಿನ ಶಾಲೆಗೆ ಬನ್ನಿ. ಹಳೆ ಸೇತುವೆ ದಾಟಬೇಡಿ, ಮೇಲಿನ ರಸ್ತೆಯಲ್ಲಿ ಬನ್ನಿ. ಔಷಧಿ, ಫೋನ್, ಗುರುತಿನ ಕಾಗದ ತನ್ನಿ. ಸಾಕುಪ್ರಾಣಿಗಳನ್ನೂ ಕರೆತನ್ನಿ, ಜಾಗ ಇದೆ. ಮುಂದಿನ ಸುದ್ದಿ 6 ಗಂಟೆಗೆ.’

ಗೇಟು ತೆರೆಯುವ ಹೊತ್ತು ಗೊತ್ತಾದರೆ ಸಾಲದು, ಹೊರಡುವ ಹೊತ್ತನ್ನೂ ಹೇಳಬೇಕು. ಬರೀ 9 ಎಂದರೆ ಜನ ಎಂಟೂಮುಕ್ಕಾಲಿಗೆ ಚಪ್ಪಲಿ ಹುಡುಕುತ್ತಾರೆ. ಪ್ರಾಣಿಗಳ ಮಾತೂ ಸುಮ್ಮನೆ ಸೇರಿಸಿದ್ದಲ್ಲ. ನಾಯಿಯನ್ನೋ ಹಸುವನ್ನೋ ಬಿಟ್ಟು ಹೋಗಲಾರದೆ ಮನೆಯಲ್ಲೇ ಉಳಿಯುವವರು ಎಲ್ಲ ಕಡೆ ಇದ್ದಾರೆ. ಜಾಗ ಇದೆ ಅನ್ನುವ ಒಂದು ಮಾತು ಅವರನ್ನು ಹೊರಡಿಸುತ್ತದೆ. ಆ ಜಾಗ ನಿಜವಾಗಿ ಇರಬೇಕು, ಅಷ್ಟೆ.

ಪ್ರಶ್ನೆ: ಮಾಹಿತಿ ಇನ್ನೂ ಪೂರ್ತಿ ಸಿಕ್ಕಿಲ್ಲ, ಅತ್ತ ಜನ ಕಾಯುತ್ತಿದ್ದಾರೆ. ಎಲ್ಲ ಖಚಿತವಾಗುವ ತನಕ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದಲ್ಲವೇ?

ಅಲ್ಲ. ನೀವು ಸುಮ್ಮನಿದ್ದರೆ ಇನ್ಯಾರೋ ಮಾತಾಡುತ್ತಾರೆ. ಗೊತ್ತಿರುವುದನ್ನು ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಮತ್ತೆ ಎಷ್ಟು ಗಂಟೆಗೆ ಬರುತ್ತೇನೆ ಎಂದು ಹೇಳಿ, ಆ ಗಂಟೆಗೆ ಬನ್ನಿ. ಹೊಸದೇನೂ ಇಲ್ಲದಿದ್ದರೂ ಬನ್ನಿ, ಹೊಸದೇನಿಲ್ಲ ಎನ್ನುವುದೂ ಸುದ್ದಿಯೇ.

ಆದರೆ ಖಚಿತವಿಲ್ಲದ ಅಂಕಿ ಮಾತ್ರ ಬೇಡ. ಜಪಾನಿನಲ್ಲಿ 2011ರ ಮಾರ್ಚ್ 11ರ ಭೂಕಂಪವಾದ ಕೆಲವೇ ನಿಮಿಷಕ್ಕೆ ಸುನಾಮಿ ಎಚ್ಚರಿಕೆ ಹೊರಟಿತು. ವೇಗಕ್ಕೆ ಮೆಚ್ಚಲೇಬೇಕು. ಆದರೆ ಮೊದಲ ಅಂದಾಜಿನಲ್ಲಿ ಅಲೆಯ ಎತ್ತರ ಇವಾಟೆ ಕರಾವಳಿಗೆ 3 ಮೀಟರ್, ಮಿಯಾಗಿಗೆ 6 ಮೀಟರ್ ಎಂದಿತ್ತು. ಬಂದದ್ದು ಅದಕ್ಕಿಂತ ಎಷ್ಟೋ ದೊಡ್ಡದು. 3 ಮೀಟರ್ ತಾನೇ, ತಡೆಗೋಡೆ ಇದೆಯಲ್ಲ ಎಂದು ನಿಂತವರಿದ್ದರು. ಆಮೇಲೆ ಅಲ್ಲಿನ ಹವಾಮಾನ ಸಂಸ್ಥೆ ಪದ್ಧತಿಯನ್ನೇ ಬದಲಿಸಿತು. 2013ರಿಂದ, ಭಾರಿ ಭೂಕಂಪವಾಗಿ ಅದರ ಗಾತ್ರ ಸರಿಯಾಗಿ ತಿಳಿಯದಿದ್ದರೆ, ಮೊದಲ ಎಚ್ಚರಿಕೆಯಲ್ಲಿ ಮೀಟರ್ ಲೆಕ್ಕ ಇರುವುದಿಲ್ಲ. ಅಲೆ ‘ಬೃಹತ್’ ಎಂದಷ್ಟೇ ಹೇಳುತ್ತಾರೆ. ಓಡುವುದಕ್ಕೆ ಅಷ್ಟು ಸಾಕು, ಅಲ್ವಾ?

ಪ್ರಶ್ನೆ: ನಾನು ಶಾಲೆಯೊಂದರ ಆಡಳಿತ ನೋಡಿಕೊಳ್ಳುತ್ತೇನೆ. ಪಕ್ಕದ ಕಾರ್ಖಾನೆಯಲ್ಲಿ ಬೆಂಕಿ ಬಿದ್ದಾಗ ಪೋಷಕರಿಗೆ ‘ಎಲ್ಲ ನಿಯಂತ್ರಣದಲ್ಲಿದೆ, ಗಾಬರಿಯಾಗಬೇಡಿ’ ಎಂದು ಕಳಿಸಿದೆವು. ಅರ್ಧ ಗಂಟೆಯಲ್ಲಿ ಗೇಟಿನ ಮುಂದೆ ಜಾತ್ರೆ! ಹೇಳಲೇಬಾರದಿತ್ತಾ?

ಹೇಳಬೇಕಿತ್ತು, ಬೇರೆ ಮಾತು ಹೇಳಬೇಕಿತ್ತು. ಗಾಬರಿಯಾಗಬೇಡಿ ಅನ್ನುವುದನ್ನು ಓದಿದ ತಾಯಿಗೆ ಮೊದಲು ಹೊಳೆಯುವುದೇ ಗಾಬರಿಪಡುವಂಥದ್ದು ಏನೋ ಆಗಿದೆ ಎಂದು. ‘ಮಕ್ಕಳೆಲ್ಲ ಹಿಂದಿನ ಕಟ್ಟಡದಲ್ಲಿದ್ದಾರೆ. ಹೊಗೆ ಈ ಕಡೆ ಬರುತ್ತಿಲ್ಲ. ಅಗ್ನಿಶಾಮಕ ವಾಹನಕ್ಕೆ ದಾರಿ ಬೇಕು, ಈಗ ಶಾಲೆಗೆ ಬರಬೇಡಿ. 3 ಗಂಟೆಗೆ ಹಿಂಬದಿ ಗೇಟಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ.’ ಹೀಗಿದ್ದರೆ ಬರುವವರು ಕಮ್ಮಿಯಾಗುತ್ತಿದ್ದರು. ಒಬ್ಬರೂ ಬರುತ್ತಿರಲಿಲ್ಲ ಎನ್ನಲಾರೆ. ಹೆತ್ತವರಲ್ಲವೇ.

ಸಮಾಧಾನ ಹೇಳುವ ಚಟ ಇದಕ್ಕಿಂತ ದುಬಾರಿಯೂ ಆಗಬಹುದು. ಇಟಲಿಯ ಲಾಕ್ವಿಲಾದಲ್ಲಿ 2009ರ ಆರಂಭದಲ್ಲಿ ತಿಂಗಳುಗಟ್ಟಲೆ ಸಣ್ಣಪುಟ್ಟ ಕಂಪನ ಆಗುತ್ತಿತ್ತು. ತಜ್ಞರ ಸಭೆ ಕರೆದರು. ಹಿರಿಯ ಅಧಿಕಾರಿಯೊಬ್ಬರು ಟಿವಿಯಲ್ಲಿ ಅಪಾಯವಿಲ್ಲ ಎನ್ನುವ ಧಾಟಿಯಲ್ಲಿ ಮಾತಾಡಿದರು. ಅದಕ್ಕೆ ಮೊದಲು ಭೂಮಿ ನಡುಗಿದರೆ ಅಲ್ಲಿನ ಎಷ್ಟೋ ಮಂದಿ ರಾತ್ರಿ ಬಯಲಲ್ಲಿ ಕಳೆಯುತ್ತಿದ್ದರು. ಈ ಮಾತು ನಂಬಿ ಮನೆಯೊಳಗೇ ಉಳಿದರು ಎಂದು ಸತ್ತವರ ಬಂಧುಗಳು ಕೋರ್ಟಿನಲ್ಲಿ ಹೇಳಿದರು. ಏಪ್ರಿಲ್ 6ರ ನಸುಕಿನ ಭೂಕಂಪಕ್ಕೆ 309 ಜನ ಸತ್ತರು. ಮೊದಲು ಏಳು ಮಂದಿಗೆ ಶಿಕ್ಷೆಯಾಗಿ, ಮೇಲ್ಮನವಿಯಲ್ಲಿ ವಿಜ್ಞಾನಿಗಳು ಆರೂ ಮಂದಿ ಬಿಡುಗಡೆಯಾದರು. ಆ ಅಧಿಕಾರಿಗೆ ಕಡಿಮೆ ಶಿಕ್ಷೆ ಉಳಿಯಿತು. ಭೂಕಂಪ ಯಾವ ದಿನ ಆಗುತ್ತದೆಂದು ಯಾರೂ ಹೇಳಲಾರರು. ಆಗುವುದಿಲ್ಲ ಎಂದೂ ಹೇಳಲಾರರು. ಎರಡನೆಯದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವತ್ತು ಬೇಕಿತ್ತು.

ಪ್ರಶ್ನೆ: ಮನೆಮನೆಗೆ ಹೋಗಿ ಎಚ್ಚರಿಸುವ ಸ್ವಯಂಸೇವಕ ನಾನು. ಎಷ್ಟು ಹೇಳಿದರೂ ಜನ ಕೂಡಲೇ ಹೊರಡುವುದಿಲ್ಲ. ‘ನೋಡೋಣ’ ಅಂತಾರೆ. ಇದು ಮೊಂಡುತನ ಅಲ್ವಾ?

ನನಗೆ ಹಾಗನ್ನಿಸುವುದಿಲ್ಲ. ಡೆನಿಸ್ ಮಿಲೆಟಿ ಎಂಬ ಅಮೆರಿಕದ ಸಮಾಜವಿಜ್ಞಾನಿ ದಶಕಗಟ್ಟಲೆ ಇದನ್ನೇ ಅಧ್ಯಯನ ಮಾಡಿದರು. ಎಚ್ಚರಿಕೆ ಕೇಳಿದ ಕೂಡಲೇ ಯಾರೂ ಓಡುವುದಿಲ್ಲ. ಕಿಟಕಿಯಲ್ಲಿ ನೋಡುತ್ತಾರೆ, ಅಕ್ಕನಿಗೆ ಫೋನ್ ಹಚ್ಚುತ್ತಾರೆ, ಪಕ್ಕದ ಮನೆಯವರು ಹೊರಟರಾ ಎಂದು ಇಣುಕುತ್ತಾರೆ, ಟಿವಿ ಹಾಕುತ್ತಾರೆ. ನಾಲ್ಕು ಕಡೆಯಿಂದ ಒಂದೇ ಮಾತು ಕೇಳಿದರೆ ಮಾತ್ರ ಬಾಗಿಲು ಹಾಕಿ ಹೊರಡುತ್ತಾರೆ. ಇದು ಮನುಷ್ಯರ ಸಹಜ ರೀತಿ. ಅದನ್ನು ಬೈದು ಉಪಯೋಗವಿಲ್ಲ. ಫೋನ್ ಸಂದೇಶ, ರೇಡಿಯೊ, ಮೈಕು, ನಿಮ್ಮ ಬಾಯಿ, ಎಲ್ಲದರಲ್ಲೂ ಅದೇ ಗಂಟೆ, ಅದೇ ಜಾಗ ಇರಬೇಕು. ಒಂದರಲ್ಲಿ 7, ಇನ್ನೊಂದರಲ್ಲಿ 8 ಎಂದಿದ್ದರೆ ಜನ ಮತ್ತೆ ಮೊದಲಿನಿಂದ ವಿಚಾರಿಸಲು ಶುರು ಮಾಡುತ್ತಾರೆ.

ನಿಮ್ಮ ಕೆಲಸವನ್ನು ಕಡೆಗಣಿಸಬೇಡಿ. 1970ರ ಚಂಡಮಾರುತದಲ್ಲಿ ಇಂದಿನ ಬಾಂಗ್ಲಾದೇಶದಲ್ಲಿ ಲಕ್ಷಾಂತರ ಜನ ಸತ್ತ ಮೇಲೆ ಅಲ್ಲಿ ಧ್ವಜ, ಮೆಗಾಫೋನ್ ಹಿಡಿದ ಸ್ವಯಂಸೇವಕರ ಪಡೆ ಕಟ್ಟಿದರು. ಇವತ್ತು ಅದರಲ್ಲಿ 70 ಸಾವಿರಕ್ಕೂ ಜಾಸ್ತಿ ಜನ ಇದ್ದಾರೆ. 1991ರ ಚಂಡಮಾರುತದಲ್ಲಿ ಗಂಡಸರಿಗಿಂತ ಹೆಂಗಸರೇ ತುಂಬ ಹೆಚ್ಚಾಗಿ ಸತ್ತಿದ್ದರು. ಈಗ ಆ ಪಡೆಯಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರು. ಗಂಡಸೊಬ್ಬ ಬಾಗಿಲಲ್ಲಿ ನಿಂತು ಕೂಗುವುದಕ್ಕೂ, ಪರಿಚಯದ ಹೆಂಗಸು ಅಡುಗೆಮನೆ ತನಕ ಬಂದು ‘ಏಳು, ಮಗು ಎತ್ತಿಕೋ’ ಎನ್ನುವುದಕ್ಕೂ ವ್ಯತ್ಯಾಸವಿದೆ.

ಪ್ರಶ್ನೆ: ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಅಣೆಕಟ್ಟು ಒಡೆದಿದೆ’ ಎಂಬ ಗಾಳಿಸುದ್ದಿ ಬಂದರೆ ಹೇಗೆ ಅಲ್ಲಗಳೆಯುವುದು?

ಸುಳ್ಳನ್ನು ದಪ್ಪಕ್ಷರದಲ್ಲಿ ಮತ್ತೆ ಹಾಕಿ ಮೇಲೆ ಕೆಂಪು ಗೀಟು ಎಳೆಯಬೇಡಿ. ಗೀಟು ಕಾಣದವರಿಗೆ ಸುಳ್ಳು ಮಾತ್ರ ಕಾಣುತ್ತದೆ. ನಿಜದಿಂದ ಶುರು ಮಾಡಿ: ‘ಅಣೆಕಟ್ಟು ಗಟ್ಟಿಯಾಗಿದೆ, ಈಗ 4 ಗಂಟೆಗೆ ಎಂಜಿನಿಯರ್ ನೋಡಿ ಬಂದರು.’ ಗಂಟೆ, ದಿನಾಂಕ ಹಾಕಿ. ಇಲ್ಲದಿದ್ದರೆ ನಿಮ್ಮ ಇದೇ ಸಂದೇಶ ಮುಂದಿನ ವರ್ಷ ನಿಜವಾದ ಅಪಾಯದ ದಿನ ಮತ್ತೆ ಓಡಾಡುತ್ತದೆ.

ಪ್ರಶ್ನೆ: ಎಚ್ಚರಿಕೆ ಕೊಟ್ಟೆವು, ಏನೂ ಆಗಲಿಲ್ಲ. ಜನ ನಗಾಡಿದರು. ಮುಂದಿನ ಸಲ ನಂಬುತ್ತಾರಾ?

ನಗಲಿ ಬಿಡಿ. ಯಾಕೆ ಎಚ್ಚರಿಸಿದಿರಿ, ಯಾಕೆ ತಪ್ಪಿಹೋಯಿತು ಎಂದು ಅದೇ ದಿನ ಹೇಳಿದಿರಾ ಎನ್ನುವುದು ನನ್ನ ಮರುಪ್ರಶ್ನೆ. ಕಾರಣ ತಿಳಿದರೆ ಜನ ಸಾಮಾನ್ಯವಾಗಿ ಮನ್ನಿಸುತ್ತಾರೆ. ಹೇಳದೆ ಬಿಟ್ಟರೆ ಸಿಟ್ಟಾಗುತ್ತಾರೆ.

2018ರ ಜನವರಿ 13ರ ಬೆಳಿಗ್ಗೆ 8 ಗಂಟೆ 7 ನಿಮಿಷಕ್ಕೆ ಹವಾಯಿಯ ಫೋನ್‌ಗಳಿಗೆಲ್ಲ ಕ್ಷಿಪಣಿ ಬರುತ್ತಿದೆ, ಕೂಡಲೇ ಆಶ್ರಯ ಪಡೆಯಿರಿ, ಇದು ಅಣಕು ಕಾರ್ಯಾಚರಣೆ ಅಲ್ಲ ಎಂಬ ಸಂದೇಶ ಬಂತು. ಅದು ತಪ್ಪು ಸಂದೇಶ ಎಂದು ಕಳಿಸಿದ ಕಚೇರಿಗೆ ಕೆಲವೇ ನಿಮಿಷದಲ್ಲಿ ಗೊತ್ತಾಯಿತು. ಆದರೆ ಅದೇ ಫೋನ್‌ಗಳಿಗೆ ತಿದ್ದುಪಡಿ ತಲುಪಲು 38 ನಿಮಿಷ ಬೇಕಾಯಿತು. ‘ತಪ್ಪಾಗಿದೆ, ಅಪಾಯವಿಲ್ಲ’ ಎಂಬ ಸಂದೇಶ ಮೊದಲೇ ಬರೆದಿಟ್ಟಿರಲಿಲ್ಲ. ಗವರ್ನರ್‌ಗೆ ಎರಡು ನಿಮಿಷದಲ್ಲೇ ವಿಷಯ ಗೊತ್ತಾಗಿತ್ತು, ಟ್ವೀಟ್ ಬಂದದ್ದು ಹದಿನೈದು ನಿಮಿಷ ಕಳೆದು. ತಮಗೆ ಟ್ವಿಟರ್ ಪಾಸ್‌ವರ್ಡ್ ಗೊತ್ತಿರಲಿಲ್ಲ ಎಂದು ಆಮೇಲೆ ಅವರೇ ಒಪ್ಪಿಕೊಂಡರು.

ಹಾಗಾಗಿ ಈ ವಾರವೇ ಕೂತು, ‘ಅಪಾಯ ಕಳೆದಿದೆ’, ‘ಎಚ್ಚರಿಕೆ ತಪ್ಪಾಗಿ ಬಂದಿತ್ತು’ ಎಂಬ ಎರಡು ಸಂದೇಶ ಬರೆದಿಡಿ. ಪಾಸ್‌ವರ್ಡ್ ಇಬ್ಬರಿಗಾದರೂ ಗೊತ್ತಿರಲಿ. ಅವರಲ್ಲಿ ಒಬ್ಬರು ರಾತ್ರಿ ಪಾಳಿಯವರಾಗಿರಲಿ.