ರಾತ್ರಿ ಎರಡು ಗಂಟೆಗೆ ಫೋನ್ ನೋಡುವ ಗಂಡ: ತುಮಕೂರಿನ ಒಂದು ಆಪ್ತಸಲಹೆ ಪ್ರಕರಣ

ಮೊದಲು ಬಂದಿದ್ದು ಹೆಂಡತಿ. ದುಡ್ಡಿನ ವಿಷಯಕ್ಕಲ್ಲ. ಗಂಡ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಫೋನ್ ನೋಡ್ತಾರೆ, ಬಾತ್‌ರೂಮಿಗೂ ಫೋನ್ ತಗೊಂಡು ಹೋಗ್ತಾರೆ, ಮಕ್ಕಳ ಮೇಲೆ ಸುಮ್ಸುಮ್ನೆ ರೇಗ್ತಾರೆ. "ಯಾರೋ ಇದ್ದಾರೆ ಮೇಡಂ, ನನಗೆ ಗ್ಯಾರಂಟಿ" ಅಂದರು.

ಇದು ಮಾರ್ಚ್ 2025ರ ಮಾತು. ಇಬ್ಬರ ಹೆಸರು, ಮೊತ್ತ, ಗುರುತು ಸಿಗುವಂಥ ವಿವರ ಎಲ್ಲ ಬದಲಾಯಿಸಿದ್ದೇನೆ. ಹೆಂಡತಿಯನ್ನ ಸವಿತಾ, ಗಂಡನನ್ನ ರವಿ ಅಂತ ಇಟ್ಟುಕೊಳ್ಳೋಣ. ರವಿಗೆ ನಲವತ್ತು ದಾಟಿದೆ. ಊರು ತಿಪಟೂರು ಕಡೆ, ಕೆಲಸ ವಸಂತನರಸಾಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ, ಮನೆ ತುಮಕೂರಲ್ಲಿ. ಮಗಳು ಎರಡನೇ ಪಿಯುಸಿ.

ಮುಂದಿನ ವಾರ ರವಿ ಒಬ್ಬರೇ ಬಂದರು. ಕೂತ ಸ್ವಲ್ಪ ಹೊತ್ತಿಗೇ ವಿಷಯ ಹೊರಗೆ ಬಂತು. ಬೇರೆ ಹೆಂಗಸು ಯಾರೂ ಇಲ್ಲ, ಇರೋದು ಮ್ಯೂಚುವಲ್ ಫಂಡ್ ಆ್ಯಪ್. "ಎರಡು ಲಕ್ಷದ ಮೇಲೆ ಹೋಯ್ತು ಮೇಡಂ. ಮನೇಲಿ ಹೇಳಿಲ್ಲ." ಮಗಳ ಕಾಲೇಜಿಗೆ ಅಂತ ಇಟ್ಟಿದ್ದ 4 ಲಕ್ಷದ ಎಫ್‌ಡಿ ಮುರಿದು, ಸೆಪ್ಟೆಂಬರ್ 2024ರಲ್ಲಿ, ಎಲ್ಲರೂ ದುಡ್ಡು ಮಾಡ್ತಿದ್ದಾರೆ ಅನ್ನಿಸ್ತಿದ್ದ ಹೊತ್ತಲ್ಲಿ, ಅಷ್ಟನ್ನೂ ಒಟ್ಟಿಗೆ ಸಣ್ಣ ಕಂಪನಿಗಳ ಷೇರು ಕೊಳ್ಳುವ ಸ್ಮಾಲ್‌ಕ್ಯಾಪ್ ಫಂಡಿಗೆ ಹಾಕಿದ್ದರು. ಆ ತಿಂಗಳ ಕೊನೆಗೆ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 85,000 ದಾಟಿತ್ತು. ಫೆಬ್ರವರಿ 28ರ ಹೊತ್ತಿಗೆ 73,198. ಸಣ್ಣ ಕಂಪನಿಗಳ ಷೇರು ಅದಕ್ಕಿಂತ ಜಾಸ್ತಿ ಬಿದ್ದಿದ್ದವು.

ಇಂಥವರು ಬಂದಾಗ ನಾನು ಮೂರು ವಿಷಯ ಮೊದಲೇ ಕೇಳಿಬಿಡುತ್ತೇನೆ, ಮುಜುಗರ ಆದರೂ ಪರವಾಗಿಲ್ಲ. ಸಾಲ ಮಾಡಿ ಹಾಕಿದ್ದೀರಾ? ಆಪ್ಷನ್ ಟ್ರೇಡಿಂಗ್, ಅಂದರೆ ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅಂತ ಬಾಜಿ ಕಟ್ಟೋ ಥರದ ವ್ಯವಹಾರ, ಮಾಡ್ತೀರಾ? ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ? ಸಾಲ ಇರಲಿಲ್ಲ. ಸಾಯುವ ಯೋಚನೆಯೂ ಇರಲಿಲ್ಲ. (ಇದ್ದವರು ನನ್ನಂಥವರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ.) ಆಪ್ಷನ್ ಅಂದ ತಕ್ಷಣ ಮಾತ್ರ ಮುಖ ಕೆಳಗೆ ಹೋಯಿತು. ಇನ್ನೂ ಶುರು ಮಾಡಿರಲಿಲ್ಲ, ಆದರೆ ಸಹೋದ್ಯೋಗಿಯೊಬ್ಬರು ಟೆಲಿಗ್ರಾಂ ಗುಂಪಿಗೆ ಸೇರಿಸಿದ್ದರು, ಹೋದದ್ದನ್ನ ಎರಡೇ ತಿಂಗಳಲ್ಲಿ ವಾಪಸ್ ತರಬಹುದು ಅಂತ. 2021-22ರಿಂದ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು ಅಂತ ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿದೆ. ಅದನ್ನ ಹೇಳಿದೆ. ಅಲ್ಲೇ ಕೂತು ಗುಂಪು ಬಿಟ್ಟರು.

ಆಮೇಲೆ ಒಂದು ಹಾಳೆ ಕೊಟ್ಟೆ. ನಿಮ್ಮ ಕೈಯಿಂದ ಎಷ್ಟು ಹಾಕಿದ್ದೀರಿ, ಈಗ ಎಷ್ಟಿದೆ, ಅಷ್ಟೇ ಬರೀರಿ ಅಂದೆ. ತಿಂಗಳಿಗೆ 10 ಸಾವಿರದಂತೆ ನಾಲ್ಕು ವರ್ಷ ಫಂಡಿಗೆ ಕಂತಿನಲ್ಲಿ, ಅಂದರೆ ಎಸ್‌ಐಪಿ ಕಟ್ಟಿದ್ದು 4 ಲಕ್ಷ 80 ಸಾವಿರ, ಅದು ಈಗ 6 ಲಕ್ಷ 20 ಸಾವಿರ. ಎಫ್‌ಡಿ ಮುರಿದು ಹಾಕಿದ 4 ಲಕ್ಷ ಈಗ 3 ಲಕ್ಷ 10 ಸಾವಿರ. ಒಟ್ಟು ಹಾಕಿದ್ದು 8 ಲಕ್ಷ 80 ಸಾವಿರ, ಇರೋದು 9 ಲಕ್ಷ 30 ಸಾವಿರ. ಹಾಗಾದರೆ ಆ ಎರಡು ಲಕ್ಷ ಎಲ್ಲಿಂದ ಬಂತು? ಸೆಪ್ಟೆಂಬರಿನಲ್ಲಿ ಆ್ಯಪ್ ಒಂದು ದಿನ 11 ಲಕ್ಷ 40 ಸಾವಿರ ತೋರಿಸಿತ್ತು. ರವಿ ಅದನ್ನೇ ತಮ್ಮ ದುಡ್ಡು ಅಂದುಕೊಂಡಿದ್ದರು. ಮನುಷ್ಯನ ಮನಸ್ಸೇ ಹಾಗೆ. ನೂರು ರೂಪಾಯಿ ಬಂದ ಖುಷಿಗಿಂತ ನೂರು ರೂಪಾಯಿ ಹೋದ ಸಂಕಟ ಹೆಚ್ಚುಕಡಿಮೆ ಎರಡರಷ್ಟು ಅಂತ ಮನಶ್ಶಾಸ್ತ್ರಜ್ಞರಾದ ಕಾನ್‌ಮನ್ ಮತ್ತು ಟ್ವರ್ಸ್ಕಿ ತೋರಿಸಿಕೊಟ್ಟಿದ್ದಾರೆ. ದಿನಕ್ಕೆ ಹತ್ತು ಸಲ ನೋಡಿದರೆ ಆ ಸಂಕಟಾನೂ ಹತ್ತು ಸಲ, ಅಲ್ವಾ? ತಮಾಷೆ ಏನಂದ್ರೆ, ಫಂಡಿನ ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) ದಿನಕ್ಕೆ ಒಂದೇ ಸಲ ಬದಲಾಗೋದು, ಅದೂ ಮಾರುಕಟ್ಟೆ ಮುಚ್ಚಿದ ಮೇಲೆ ಲೆಕ್ಕ ಹಾಕಿ ರಾತ್ರಿ ಹಾಕ್ತಾರೆ. ಇವರು ಆಫೀಸಲ್ಲಿ ಟೀ ಕುಡಿಯುವಾಗ, ಊಟಕ್ಕೆ ಕೂತಾಗ, ಬಾತ್‌ರೂಮಲ್ಲಿ ನೋಡಿ ನೋಡಿ ಬೆವರುತ್ತಿದ್ದದ್ದು ನಿನ್ನೆಯ ಅದೇ ಅಂಕಿ.

ಆದರೆ "ಕಾಗದದ ಮೇಲಿನ ನಷ್ಟ, ತಲೆ ಕೆಡಿಸ್ಕೋಬೇಡಿ" ಅಂತ ಹೇಳಿ ಕಳಿಸುವ ಪ್ರಕರಣ ಇದಲ್ಲ. ಅವರ ಭಯದಲ್ಲಿ ಒಂದು ಭಾಗ ನಿಜವಾದ ಭಯ. ಮಗಳ ಫೀಸು ಜುಲೈ-ಆಗಸ್ಟಿನಲ್ಲಿ ಕಟ್ಟಬೇಕು, ಹಾಸ್ಟೆಲ್ ಸೇರಿ 2 ಲಕ್ಷದ ಅಂದಾಜು. ಮಾರುಕಟ್ಟೆಗೆ ಆ ತಾರೀಖು ಗೊತ್ತಿಲ್ಲ.

ಇದನ್ನ ವಿವರಿಸೋಕೆ ಹೊರಟವಳು ನಾನು, ಮುಗಿಸಿದ್ದು ರವಿ. ನಿಮ್ಮ ಮನೇಲಿ ಕೊಬ್ಬರಿ ಹೇಗೆ ಮಾಡ್ತಾರೆ ಅಂದೆ. ಬಲಿತ ಕಾಯಿ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ವರ್ಷ ಬೇಕು ಮೇಡಂ, ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು, ದಿನಾ ಹತ್ತಿ ಯಾರೂ ನೋಡಲ್ಲ ಅಂದರು. ಮನೇಲಿ ಮದುವೆ ಇದ್ದರೆ? "ಅಷ್ಟಕ್ಕೆ ಬೇಕಾದಷ್ಟು ಕಾಯಿ ಅಟ್ಟಕ್ಕೇ ಹಾಕಲ್ಲ, ಎಳನೀರಲ್ಲೇ ಮಾರ್ಕೋತೀವಿ." ಹೇಳಿ ಸುಮ್ಮನಾದರು. ಇಟ್ಟರೆ ಬೆಲೆ ಏರೇ ಏರುತ್ತೆ ಅಂತಲೂ ಅಲ್ಲ, ಅದೂ ಅವರಿಗೆ ಗೊತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಮಾರಿದವರಲ್ಲಿ ಅವರ ಅಪ್ಪನೂ ಒಬ್ಬರು.

ಹಾಗಾಗಿ ಮೊದಲ ಸಲಹೆ, ಫೀಸಿನ 2 ಲಕ್ಷ ಈಗಲೇ ಹೊರಗೆ ತೆಗೀರಿ. ರವಿ ಒಪ್ಪಲಿಲ್ಲ. "ನಷ್ಟಕ್ಕೆ ಮಾರಲ್ಲ" ಅನ್ನೋದು ಒಂದೇ ಹಟ. ಯಾವ ಫಂಡಿಂದ ಎಷ್ಟು ತೆಗೀಬೇಕು ಅಂತ ಹೇಳೋದು ನನ್ನ ಕೆಲಸ ಅಲ್ಲ, ಸೆಬಿಯಲ್ಲಿ ನೋಂದಾಯಿಸಿದ, ಕಮಿಷನ್ ಇಲ್ಲದೆ ಫೀಸು ತಗೊಂಡು ಹೇಳುವ ಸಲಹೆಗಾರರ ಹತ್ತಿರ ಕಳಿಸಿದೆ. ಅವರು ಸರಳವಾಗಿ ಬಿಡಿಸಿದರು. ಸ್ಮಾಲ್‌ಕ್ಯಾಪ್ ಮುಟ್ಟಬೇಡಿ, ಎಸ್‌ಐಪಿಯ ಹಳೇ ಯೂನಿಟ್ ಮಾರಿ. ವರ್ಷ ದಾಟಿರೋದರಿಂದ ಅವಕ್ಕೆ ಎಕ್ಸಿಟ್ ಲೋಡ್ (ಬೇಗ ತೆಗೆದರೆ ಹಿಡಿದುಕೊಳ್ಳುವ ಶುಲ್ಕ) ಇಲ್ಲ, ಲಾಭ ವರ್ಷಕ್ಕೆ 1.25 ಲಕ್ಷದ ಒಳಗಿದ್ದರೆ ತೆರಿಗೆಯೂ ಇಲ್ಲ. ಎರಡೂ ಒಂದೇ ಜೇಬಿನ ದುಡ್ಡು, ಆದರೆ ರವಿಯ ಹಟಕ್ಕೂ ಜಾಗ ಸಿಕ್ಕಿತು.

ಎರಡನೇ ಸಲಹೆ ನನ್ನ ಪಾಲಿಗೆ ಮೊದಲನೆಯದಕ್ಕಿಂತ ದೊಡ್ಡದು. ಸವಿತಾಗೆ ಹೇಳಬೇಕು, ಹಾಳೆ ಸಮೇತ. ನಿದ್ದೆ ಕೆಡಿಸಿದ್ದು 90 ಸಾವಿರದ ನಷ್ಟಕ್ಕಿಂತ ಜಾಸ್ತಿ ಆ ಗುಟ್ಟು ಅಂತ ನನ್ನ ಅಂದಾಜು. ನನ್ನ ಎದುರಿಗೇ ಹೇಳಿದರು. ಸವಿತಾ ಮೊದಲು ನಿಟ್ಟುಸಿರು ಬಿಟ್ಟರು, ಇಷ್ಟೇನಾ ಅಂತ. ಎಫ್‌ಡಿ ಅಂದ ಮೇಲೆ ನೋಡಿ, ಚೆನ್ನಾಗಿ ಬಿತ್ತು ಬೈಗುಳ. "ರೀ, ನನ್ನ ಬಳೆ ಅಡ ಇಟ್ಟಾಗ ಹೇಳ್ಕೊಂಡು ಮಾಡಿದ್ವಿ, ಇದಕ್ಕೇನಾಗಿತ್ತು?" ಅದಕ್ಕೆ ರವಿ ಹತ್ತಿರ ಉತ್ತರ ಇರಲಿಲ್ಲ. ನಾನೂ ಮಧ್ಯೆ ಬಾಯಿ ಹಾಕಲಿಲ್ಲ.

ಮಿಕ್ಕಿದ್ದೆಲ್ಲ ಸಣ್ಣಪುಟ್ಟದ್ದು. ಆ್ಯಪಿನ ನೋಟಿಫಿಕೇಷನ್ ಬಂದ್. ಫೋನ್ ರಾತ್ರಿ ಹಾಲ್‌ನಲ್ಲಿ ಚಾರ್ಜಿಗೆ. ತಿಂಗಳಿಗೊಂದು ಭಾನುವಾರ ಇಬ್ಬರೂ ಸೇರಿ ನೋಡೋದು.

ಏಪ್ರಿಲ್ 7ರಂದು ಸೆನ್ಸೆಕ್ಸ್ ಒಂದೇ ದಿನ 2,226 ಅಂಶ ಬಿತ್ತು, ಅಮೆರಿಕದ ಸುಂಕದ ಗಲಾಟೆ. ರವಿಗೆ ಅದು ಕ್ಯಾಂಟೀನಿನಲ್ಲಿ ಗೊತ್ತಾಯಿತಂತೆ. ಹೊಟ್ಟೆಯಲ್ಲಿ ಸಂಕಟ ಆಯಿತು, ಆ್ಯಪ್ ತೆಗೆದೂ ನೋಡಿದರು, ಆದರೆ ಸಂಜೆ ಸವಿತಾಗೆ ಹೇಳಿದರು. ನನಗೆ ಅಷ್ಟು ಸಾಕು.

ಜುಲೈನಲ್ಲಿ ಫೋನ್ ಬಂತು. ಜೂನ್ ಕೊನೆಗೆ ಸೆನ್ಸೆಕ್ಸ್ ಮತ್ತೆ 84,000 ಮುಟ್ಟಿತ್ತು. "ಮಾರ್ಚಲ್ಲಿ ಮಾರದೇ ಇದ್ದಿದ್ರೆ ಮೇಡಂ..." ಅಂತ ರಾಗ. ಕಟ್ಟೋ ದಿನ ಫೀಸು ಕೈಯಲ್ಲಿತ್ತಾ ಅಂತ ಕೇಳಿದೆ. ಇತ್ತು ಅಂದರು. ಮೇಲಕ್ಕೆ ಹೋದದ್ದು ಈಗ ಗೊತ್ತು, ಮಾರ್ಚಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಂದೆ. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ, ಇರಲಿ. ಎರಡನೇ ವರ್ಷದ ಫೀಸಿನ ದುಡ್ಡನ್ನೂ ಅಷ್ಟರಲ್ಲಿ ಎಫ್‌ಡಿಗೆ ಹಾಕಿದ್ದರು, ಈ ಸಲ ಇಬ್ಬರ ಹೆಸರಲ್ಲಿ. ಬಡ್ಡಿ ಕಮ್ಮಿ ಅಂತ ಈಗಲೂ ಗೊಣಗುತ್ತಾರಂತೆ, ಸವಿತಾ ಕಿವಿಗೆ ಹಾಕ್ಕೊಳ್ಳಲ್ವಂತೆ.