ಸಪ್ಲೈಯರ್ ಸಹಿ ಹಾಕಿದರೆ ಸಾಕಾ?

ಪ್ರಶ್ನೆ: ನಮ್ಮದು ಮಕ್ಕಳ ಬಟ್ಟೆಯ ಸಣ್ಣ ಕಂಪನಿ. ಹೊಲಿಗೆಯನ್ನು ಪೀಣ್ಯದ ನಾಲ್ಕು ಜಾಬ್‌ವರ್ಕ್ ಘಟಕಗಳಿಗೆ ಕೊಡುತ್ತೇವೆ, ಬಣ್ಣ ಹಾಕಿಸುವುದು ತಿರುಪ್ಪೂರಿನಲ್ಲಿ. ನಮ್ಮಿಂದ ಕೊಳ್ಳುವ ವಿದೇಶಿ ಕಂಪನಿ ಈಗ ಸಪ್ಲೈಯರ್‌ಗಳಿಗೆ ಕೆಲಸಗಾರರು ಮತ್ತು ಪರಿಸರದ ಬಗ್ಗೆ ಲಿಖಿತ ನಿಯಮ ಇರಲೇಬೇಕು ಎನ್ನುತ್ತಿದೆ. ಇಪ್ಪತ್ತು ಪುಟದ ಮಾದರಿಯೊಂದು ಸಿಕ್ಕಿದೆ. ಎಲ್ಲರಿಂದ ಸಹಿ ಹಾಕಿಸಿಕೊಂಡರೆ ಸಾಕಲ್ಲವಾ?
– ಓದುಗರು, ಬೆಂಗಳೂರು

ಉತ್ತರ: ಸಾಕಾಗುವುದಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕಿನವರು ಬಾಗಿಲು ಹಾಕಿಕೊಂಡು ಹೋದರು, ಗಾರ್ಮೆಂಟ್ಸ್‌ನವರನ್ನು ಮಾತ್ರ ಬೆಳಿಗ್ಗೆ ಮತ್ತೆ ಒಳಗೆ ಕಳಿಸಿದರು. ಆ ಘಟಕಗಳಲ್ಲಿ ಕೆಲವಕ್ಕೆ ಮೊದಲೇ ಆಡಿಟ್, ಅಂದರೆ ನಿಯಮ ಪಾಲಿಸುತ್ತಾರಾ ಎಂಬ ತಪಾಸಣೆ, ಆಗಿತ್ತು! ಅಷ್ಟು ದೂರ ಯಾಕೆ, ನಮ್ಮಲ್ಲೇ 2020ರ ಏಪ್ರಿಲ್‌ನಿಂದ ಬಹಳಷ್ಟು ಗಾರ್ಮೆಂಟ್ಸ್‌ಗಳು ಕನಿಷ್ಠ ವೇತನದ ಜೊತೆ ಸೇರಬೇಕಿದ್ದ ತುಟ್ಟಿಭತ್ಯೆ ಕೊಡಲಿಲ್ಲ. ತಿಂಗಳಿಗೆ 417 ರೂಪಾಯಿ 60 ಪೈಸೆ ಅಷ್ಟೇ. ಹೈಕೋರ್ಟ್ ಹೇಳಿದ ಮೇಲೂ ಬಾಕಿ ಕೈಗೆ ಬರಲು ವರ್ಷ ದಾಟಿತು. ಇವರು ಹೊಲಿಯುತ್ತಿದ್ದ ಬ್ರಾಂಡ್‌ಗಳ ಹತ್ತಿರ ಲಿಖಿತ ನಿಯಮ ಇರಲಿಲ್ಲವೇ? ಇತ್ತು.

ನಾನು ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ನೋಡುತ್ತಿದ್ದವಳು. ಆಡಿಟ್ ದಿನ ಹಿಂಬಾಗಿಲಿಗೆ ಅಡ್ಡ ಇಟ್ಟಿದ್ದ ರಟ್ಟಿನ ಪೆಟ್ಟಿಗೆಗಳು ಬೆಳಿಗ್ಗೆ ಏಳಕ್ಕೇ ಲಾರಿ ಹತ್ತುತ್ತಿದ್ದವು, ಸಂಜೆ ಅದೇ ಜಾಗಕ್ಕೆ ಬರುತ್ತಿದ್ದವು. ಓಟಿ (ಓವರ್‌ಟೈಮ್) ಬರೆಯಲು ಬೇರೆ ಪುಸ್ತಕ, ತೋರಿಸಲು ಬೇರೆ. ಮೇಲ್ವಿಚಾರಕರು ಕೆಟ್ಟವರಾಗಿರಲಿಲ್ಲ, ಆರ್ಡರ್ ಕೊಟ್ಟವರು ಕೊಡುತ್ತಿದ್ದ ರೇಟಿನಲ್ಲಿ ಓಟಿಗೆ ಡಬಲ್ ಕೂಲಿ ಕೊಡಲು ಆಗುತ್ತಲೇ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಮೊದಲ ನಿಯಮ ನಿಮಗೇ ಇರಲಿ. ಒಂದು ಫ್ರಾಕ್ ಹೊಲಿಯಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಸಪ್ಲೈಯರ್ ಜೊತೆ ಕೂತು ಲೆಕ್ಕ ಹಾಕಿ, ಆ ನಿಮಿಷಗಳಿಗೆ ಕನಿಷ್ಠ ವೇತನ, ಪಿಎಫ್, ಇಎಸ್‌ಐ, ಬಾಡಿಗೆ, ಕರೆಂಟು, ಅವರ ಲಾಭ ಎಲ್ಲಾ ಸೇರಿಸಿ ನಿಮ್ಮ ರೇಟು ಅದನ್ನು ಮುಟ್ಟುತ್ತದಾ ನೋಡಿ. ಮುಟ್ಟದಿದ್ದರೆ ನಿಯಮ ಮುರಿಯುತ್ತಿರುವುದು ನೀವು. ಗುರುವಾರ ಡಿಸೈನ್ ಬದಲಿಸಿ ಸೋಮವಾರ ಮಾಲು ಕೇಳಬೇಡಿ, ಆ ಭಾನುವಾರ ಯಾರದ್ದೋ ಮನೆಯಲ್ಲಿ ತಾಯಿ ಇರುವುದಿಲ್ಲ. ದುಡ್ಡೂ ಅಷ್ಟೇ. ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ.

ತಿರುಪ್ಪೂರಿನ ವಿಷಯ ಸ್ವಲ್ಪ ಬೇರೆ. ಬಣ್ಣದ ನೀರಿನಿಂದ ಅಲ್ಲಿನ ನೊಯ್ಯಲ್ ನದಿ ಹಾಳಾದ ಮೇಲೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನೇ ಮುಚ್ಚಿಸಿತ್ತು. ಈಗ ಕೊಳಕು ನೀರು ಹೊರಗೆ ಬಿಡುವ ಹಾಗಿಲ್ಲ, ಶುದ್ಧ ಮಾಡಿ ಮತ್ತೆ ಬಳಸಬೇಕು. ನಿಮ್ಮವರು ಯಾವ ಶುದ್ಧೀಕರಣ ಘಟಕಕ್ಕೆ ಸೇರಿದ್ದಾರೆ, ತಿಂಗಳ ಬಿಲ್ ಎಷ್ಟು ಎಂದು ಕೇಳಿ. ಮಾಲು ಜಾಸ್ತಿ, ಬಿಲ್ ಕಡಿಮೆ ಇದ್ದರೆ ಬಣ್ಣ ಇನ್ನೆಲ್ಲೋ ಆಗುತ್ತಿರಬಹುದು. ಒಂದು ಸಲ ಖುದ್ದಾಗಿ ಹೋಗಿ ಬನ್ನಿ. ಹೇಳದೆ ಮೂರನೆಯವರಿಗೆ ಕೆಲಸ ದಾಟಿಸುವ ಹಾಗಿಲ್ಲ ಎಂದು ಬರೆಯಲೇಬೇಕು.

ಇಪ್ಪತ್ತು ಪುಟ ಬೇಡ. ಎರಡು ಪುಟ ಸಾಕು, ಕನ್ನಡದಲ್ಲಿ ಮತ್ತು ತಮಿಳಿನಲ್ಲಿ. ಹಿಂದಿ, ಒಡಿಯಾ ಮಾತಾಡುವ ಹುಡುಗಿಯರಿದ್ದರೆ ಅವರಿಗೆ ಓದಿ ಹೇಳಿಸಿ. ದೂರು ಹೇಳಲು ನಿಮ್ಮ ಕಡೆಯವರ ಫೋನ್ ನಂಬರನ್ನು ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ, ಅಲ್ಲಿ ಸೂಪರ್‌ವೈಸರ್ ಕಣ್ಣು ಇರುವುದಿಲ್ಲ. ಮಕ್ಕಳ ದುಡಿಮೆ, ಬೀಗ ಹಾಕಿದ ಬಾಗಿಲು ಕಂಡರೆ ಕೆಲಸ ಅಲ್ಲೇ ನಿಲ್ಲಿಸಿ, ಸರಿಯಾಗುವ ತನಕ ನೀವೂ ಜೊತೆಗಿರಿ. ಉಳಿದ ತಪ್ಪುಗಳಿಗೆ ಮೂರು ತಿಂಗಳು ಸಮಯ ಕೊಡಿ. ತಪ್ಪು ಒಪ್ಪಿಕೊಂಡವರ ಆರ್ಡರ್ ಕಿತ್ತುಕೊಂಡರೆ ಉಳಿದ ಮೂವರೂ ಮುಚ್ಚಿಡಲು ಶುರು ಮಾಡುತ್ತಾರೆ.

ಆಮೇಲೆ ಆ ನಿಮಿಷದ ಲೆಕ್ಕವನ್ನು ನಿಮ್ಮ ವಿದೇಶಿ ಕಂಪನಿಗೂ ಕಳಿಸಿ, ಪೀಸಿಗೆ ಎಷ್ಟು ಜಾಸ್ತಿ ಕೊಡುತ್ತೀರಿ ಎಂದು ಕೇಳಿ. ನಿಯಮ ಬೇಕು ಎಂದವರು ಅವರೇ ಅಲ್ವಾ.