ಹಡಗು ಕಾದರೆ ದುಡ್ಡು, ಲಾರಿ ಕಾದರೆ?

ಸ್ವಂತ ಲಾರಿಯನ್ನು ತಾವೇ ಓಡಿಸುವ ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: ‘ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಮಂಗಳೂರು ಬಂದರಿನ ಬಳಿಯ ಪಣಂಬೂರಿನ ಗೋದಾಮಿಗೆ ಮೂಟೆ ಸಾಗಿಸುತ್ತೇನೆ. ಗೇಟಿನ ಹೊರಗೆ ಎರಡು ರಾತ್ರಿ ನಿಂತರೂ ಬಾಡಿಗೆ ಅಷ್ಟೇ. ಬಾಕಿ ಕೇಳಿದರೆ ಲೋಡು ಕೊಡಿಸುವ ಏಜೆಂಟರು ಬರುವ ವಾರ ಎನ್ನುತ್ತಾರೆ. ತಮಿಳುನಾಡಿನ ಲಾರಿಗಳು ಕಡಿಮೆ ಬಾಡಿಗೆಗೆ ಲೋಡು ಎತ್ತಿ ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿವೆ. ಲಾರಿ ಮಾರಿ ಬೇರೆಯವರ ಗಾಡಿಗೆ ಡ್ರೈವರ್ ಆಗಿ ಹೋಗಲೇ?’

ಸಂಪಾದಕರ ಉತ್ತರ:

ಮಾನ್ಯರೇ, ಪತ್ರದ ಜೊತೆ ನೀವು ಇಟ್ಟಿದ್ದ ತೂಕದ ಚೀಟಿಯನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಪೆನ್ಸಿಲಿನ ಲೆಕ್ಕ: ಡೀಸೆಲ್, ಟೋಲ್, ಹಮಾಲಿ, ಕಮಿಷನ್, ಟೈರಿಗೆ ಎತ್ತಿಟ್ಟದ್ದು, ಫೈನಾನ್ಸ್ ಕಂತು. ಡ್ರೈವರ್ ಸಂಬಳ ಎಂಬ ಸಾಲೇ ಇಲ್ಲ. ಎರಡು ರಾತ್ರಿಯ ಹಾಲ್ಟಿಂಗಿಗೂ, ಅಂದರೆ ಕಾದು ನಿಂತದ್ದರ ದುಡ್ಡಿಗೂ, ಜಾಗವಿಲ್ಲ. ನಿಮ್ಮನ್ನು ನೀವೇ ಲೆಕ್ಕದಿಂದ ಹೊರಗಿಟ್ಟ ಮೇಲೆ ಏಜೆಂಟರು ಕರೆದು ಒಳಗೆ ಕೂರಿಸುತ್ತಾರೆಯೇ?

ಬಂದರಿಗೆ ಬರುವ ಹಡಗನ್ನು ನೋಡಿ. ಸರಕು ಇಳಿಸಲು ಇಂತಿಷ್ಟು ಸಮಯ ಎಂದು ಒಪ್ಪಂದದಲ್ಲೇ ಬರೆದಿರುತ್ತದೆ. ಮೀರಿದರೆ ಬಾಡಿಗೆಗೆ ಪಡೆದವನು ದಿನದ ಲೆಕ್ಕದಲ್ಲಿ ಡೆಮರೇಜ್, ಅಂದರೆ ಕಾಯಿಸಿದ್ದಕ್ಕೆ ದುಡ್ಡು, ತೆರಬೇಕು. ರೈಲ್ವೆ ವ್ಯಾಗನ್ನಿಗೆ ಗಂಟೆಯ ಲೆಕ್ಕ. ಉಚಿತ ದಿನಗಳು ಮುಗಿದ ಮೇಲೂ ಕಂಟೇನರ್ ಇಟ್ಟುಕೊಂಡರೆ ಅದಕ್ಕೂ ಶುಲ್ಕ. ಖಾಲಿ ಕಬ್ಬಿಣದ ಡಬ್ಬಿ ಸುಮ್ಮನೆ ಬಿದ್ದಿದ್ದರೂ ದುಡಿಯುತ್ತದೆ. ಒಳಗೆ ಮನುಷ್ಯ ಕೂತಿರುವ ಲಾರಿ ಮಾತ್ರ ಎಲ್ಲರಿಗೂ ಪುಕ್ಕಟೆ ಗೋದಾಮು. ಇದನ್ನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಬೇಸರವಾದವರು ಪುಟ ತಿರುಗಿಸಬಹುದು.

ಏಜೆಂಟರಿಗೂ ಕಷ್ಟವಿದೆ, ಒಪ್ಪೋಣ. ಡೀಸೆಲಿಗೆ ಮುಂಗಡ ಕೊಡುವವರು ಅವರು, ಮೂಟೆ ನೆನೆದರೆ ಕಂಪನಿಗೆ ಉತ್ತರ ಹೇಳುವವರೂ ಅವರೇ. ಆದರೆ ನೆನೆದ ಮೂಟೆಗೆ ಯಾರು ಹೊಣೆ ಎಂದು ಹೇಳಲು 1865ರಷ್ಟು ಹಿಂದೆಯೇ ಕಾನೂನು ಬಂತು, 2007ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆಯೂ ಬಂತು. ಎರಡರ ಚಿಂತೆಯೂ ಸರಕಿನದು, ಸ್ಟೇರಿಂಗ್ ಹಿಡಿದವನದಲ್ಲ.

ತಮಿಳುನಾಡಿನ ನಾಮಕ್ಕಲ್ ಕಡೆಯ ಲಾರಿಯವರನ್ನು ನೀವು ಬೈದದ್ದು ನನಗೆ ಹಿಡಿಸಲಿಲ್ಲ. ಬಂದ ಸರಕು ಇಳಿಸಿ ಖಾಲಿ ಹೋಗುವುದಕ್ಕಿಂತ ಡೀಸೆಲ್ ದುಡ್ಡಾದರೂ ಹುಟ್ಟಲಿ ಎಂದು ಅವರು ಲೋಡು ಎತ್ತುತ್ತಾರೆ. ಪಣಂಬೂರಿನಿಂದ ರಸಗೊಬ್ಬರ ಹೇರಿಕೊಂಡು ಘಾಟಿ ಹತ್ತುವಾಗ ನೀವು ಮಾಡುವುದೂ ಅದನ್ನೇ ಅಲ್ಲವೇ? ಮಂಗಳೂರಿನ ಲಾರಿಯವರು ಆಗ ನಿಮಗೆ ಏನೆನ್ನುತ್ತಾರೋ ಕೇಳಿ ನೋಡಿ.

ಬೈಯುವ ಬದಲು ಕಾಗದ ಮಾಡಿಕೊಳ್ಳಿ. ಸಣ್ಣ ಉದ್ಯಮಿ ಎಂದು ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ಯಮಿಯ ಬಾಕಿಯನ್ನು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನ ಮೀರದಂತೆ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆದರೆ ಕೇಳುವುದಕ್ಕೆ ಕೈಯಲ್ಲಿ ಬಿಲ್ ಇರಬೇಕು. ನಿಮ್ಮ ಕೈಯಲ್ಲಿರುವುದು ಏಜೆಂಟರ ಬಾಯಿಮಾತು. ಗೇಟಿಗೆ ಬಂದ ಹೊತ್ತು, ಸರಕು ಇಳಿದ ಹೊತ್ತು ಎರಡನ್ನೂ ರಸೀದಿಯ ಮೇಲೆ ಬರೆಸಿ ಮೊಹರು ಹಾಕಿಸಿ. ಒಬ್ಬರೇ ಕೇಳಿದರೆ ಮುಂದಿನ ಲೋಡು ತಪ್ಪುತ್ತದೆ ಎಂಬ ಭಯ ನನಗೂ ಅರ್ಥವಾಗುತ್ತದೆ. ಅದಕ್ಕೇ ಸಂಘ ಇರುವುದು, ವರ್ಷಕ್ಕೊಮ್ಮೆ ಆಯುಧಪೂಜೆಗೆ ಪೆಂಡಾಲು ಹಾಕುವುದಕ್ಕಲ್ಲ.

ಲಾರಿ ಮಾರುವ ಮಾತಿಗೆ ಒಂದು ಪ್ರಸಂಗ ಹೇಳುತ್ತೇನೆ. ಕಬ್ಬಿಣದ ಅದಿರಿನ ಕಾಲದಲ್ಲಿ ಬಳ್ಳಾರಿಯಿಂದ ಬಂದರಿಗೆ ಹಗಲಿರುಳು ಲಾರಿ ಹರಿಯುತ್ತಿದ್ದಾಗ ನಮ್ಮ ಕಡೆಯವರೂ ಸಾಲ ಮಾಡಿ ಗಾಡಿ ತೆಗೆದರು. 2010ರ ಜುಲೈನಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ, ಕಂತು ಮಾತ್ರ ನಿಲ್ಲಲಿಲ್ಲ. ನನ್ನ ಪರಿಚಯದವರೊಬ್ಬರ ಲಾರಿಯನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಹರಾಜಿನಲ್ಲಿ ಹಿಡಿದವರ ಬಳಿ ಅವರು ಅದೇ ಲಾರಿಗೆ ಸಂಬಳದ ಡ್ರೈವರ್ ಆದರು. ಈಗ ಬ್ರೇಕ್ ಸದ್ದು ಮಾಡಿದರೆ ಮಾಲೀಕರ ಅಪ್ಪಣೆ ಬರುವವರೆಗೆ ಗ್ಯಾರೇಜಿಗೆ ಹೋಗುವಂತಿಲ್ಲ ಎನ್ನುತ್ತಿದ್ದರು.

ಕಾಯುವುದು ಬಂದರಿನಲ್ಲಿ ಮಾತ್ರವೇ? ನಿಮ್ಮ ಮಂಗಳೂರು ದಾರಿಯ ಶಿರಾಡಿ ಘಾಟಿಯನ್ನು 2015ರಲ್ಲಿ ಕಾಂಕ್ರೀಟಿಗೆಂದು ಮುಚ್ಚಿದರು, 2018ರಲ್ಲಿ ಮತ್ತೆ ಕಾಂಕ್ರೀಟಿಗೆಂದು ಮುಚ್ಚಿದರು, ತೆರೆದ ಬೆನ್ನಿಗೇ ಆಗಸ್ಟ್‌ನಲ್ಲಿ ಗುಡ್ಡ ಕುಸಿಯಿತು. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಮತ್ತೆ ಮಣ್ಣು ಜಾರಿತು. ಬದಲಿ ದಾರಿಯಾದ ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ. ಸುರಂಗದ ಮಾತು ಕೇಳುತ್ತಲೇ ನಮ್ಮ ಕೂದಲು ಬೆಳ್ಳಗಾಯಿತು. ಘಾಟಿ ಮುಚ್ಚಿದ ದಿನ ರಫ್ತುದಾರರ ನಷ್ಟ ಇಷ್ಟೆಂದು ಸಂಜೆಯೊಳಗೆ ಹೇಳಿಕೆ ಬರುತ್ತದೆ. ದೋಣಿಗಾಲ್‌ನಲ್ಲಿ ಸಾಲುಗಟ್ಟಿ ನಿಂತವರ ನಷ್ಟವನ್ನು ಯಾವ ಇಲಾಖೆ ಬರೆದುಕೊಂಡಿದೆ?

ಆದ್ದರಿಂದ ಮಾರಬೇಡಿ, ಈ ಹಂಗಾಮು ಮುಗಿಯುವವರೆಗಾದರೂ ತಡೆಯಿರಿ. ಏಜೆಂಟರಲ್ಲಿ ಯಾರಿಗಾದರೂ ಈ ಉತ್ತರ ಏಕಪಕ್ಷೀಯ ಎನಿಸಿದರೆ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಜಾಗ ಕೊಡುತ್ತೇನೆ. ಹಾಲ್ಟಿಂಗ್ ಕೊಟ್ಟ ರಸೀದಿಯೊಂದರ ನಕಲನ್ನೂ ಲಗತ್ತಿಸಲಿ.